ಎರಡನೇ ಊಟ

ನನ್ನದು ಫೋಟೋ ತೆಗೆಯೋ ಕೆಲಸ. ಮದುವೆ ಸೀಸನ್ ಇಲ್ಲದಾಗ ನಾಮಕರಣ, ಗೃಹಪ್ರವೇಶ, ಕರೆದ ಕಡೆ ಹೋಗ್ತೀನಿ. ಹೋದ ತಿಂಗಳು ವಿಜಯನಗರದ ಒಂದು ಕುಟುಂಬದವರು ಮಗನ ಹುಟ್ಟುಹಬ್ಬಕ್ಕೆ ಅಂತ ಕೆಂಗೇರಿ ಹತ್ತಿರದ ವೃದ್ಧಾಶ್ರಮದಲ್ಲಿ ಅನ್ನದಾನ ಇಟ್ಕೊಂಡು, ನನ್ನನ್ನೂ ಕರ್ಕೊಂಡು ಹೋದ್ರು.

ಹುಡುಗನ ತಾಯಿ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಹೋಳಿಗೆ ಬಡಿಸೋಕೆ ಬಂದ್ರು. ನಾನು ಸಾಲಿನ ತುದಿಯಲ್ಲಿ ಕೂತಿದ್ದ ಅಜ್ಜಿಗೆ, "ಸ್ವಲ್ಪ ಈ ಕಡೆ ನೋಡಿ ಅಜ್ಜಿ" ಅಂದೆ.

"ಅವರ ಕೈಯೂ ಫೋಟೋದಲ್ಲಿ ಬೀಳ್ಬೇಕಲ್ವಾ? ಬೇಗ ತೆಗಿಯಪ್ಪ, ಮುಂದಿನ ಎಲೆಗೆ ಹೋಗ್ಬಿಡ್ತಾರೆ" ಅಂತ ಅಜ್ಜಿ ಚೆನ್ನಾಗಿ ನಕ್ಕರು.

ತಾಯಿ ಆ ಕಡೆ ಹೋದ ಮೇಲೆ ಅಜ್ಜಿ ಮೆಲ್ಲಗೆ ಹೇಳಿದ್ರು: "ಬೆಳಗ್ಗೆ ಯಾರದೋ ತಿಥಿ ಊಟ ಆಯ್ತು. ವಡೆ, ಪಾಯಸ ಎಲ್ಲಾ ಇತ್ತು. ಹೊಟ್ಟೇಲಿ ಜಾಗ ಇಲ್ಲ ಕಣಪ್ಪ."

"ಬೇಡ ಅನ್ಬಹುದಿತ್ತಲ್ಲ ಅಜ್ಜಿ?"

"ಸುಮ್ನಿರು. ಮಗನಿಗೆ ಒಳ್ಳೇದಾಗ್ಲಿ ಅಂತ ಬಂದಿದಾರೆ. ನಾವು ತಿನ್ನದಿದ್ರೆ ಅವರಿಗೆ ಪುಣ್ಯ ಎಲ್ಲಿಂದ ಬರ್ಬೇಕು? ಮನೆಗೆ ಬಂದವರನ್ನ ಬರಿಗೈಲಿ ಕಳಿಸೋಕಾಗುತ್ತಾ?" ಅಂತ ಹೋಳಿಗೆ ಮುರಿದು ಬಾಯಿಗಿಟ್ಕೊಂಡ್ರು.

ವಾಪಸ್ ಬರುವಾಗ ಕಾರಲ್ಲಿ ಆ ತಾಯಿ ಕ್ಯಾಮೆರಾದಲ್ಲಿ ಅಜ್ಜಿ ಫೋಟೋ ನೋಡಿ ಕಣ್ಣೊರೆಸಿಕೊಂಡ್ರು. "ಪಾಪ, ಎಷ್ಟು ಹಸ್ಕೊಂಡಿದ್ರೋ ನೋಡಿ."

ಹೌದು ಮೇಡಂ ಅಂದೆ. ಅಜ್ಜಿ ಅಷ್ಟು ಕಷ್ಟಪಟ್ಟು ತಿಂದು ಕೊಟ್ಟ ಪುಣ್ಯ, ನಾನ್ಯಾಕೆ ಹಾಳು ಮಾಡಲಿ?