ಉಪ್ಪುಗುಡ್ಡೆ ರಾಜ್ಯ ಬಿದ್ದ ಬಗೆ

ಮೊದಲೇ ಹೇಳಿಬಿಡುತ್ತೇನೆ: ಅಕ್ಷರ ದುಂಡಗಿಲ್ಲ, ಸಾಲು ಓರೆಯಾಗಿದೆ, ಮಾತುಗಳೂ ಐದನೇ ಕ್ಲಾಸಿಗೆ ನಿಂತವಳ ಮಾತುಗಳು. ಓದುವವರು ದೊಡ್ಡ ಮನಸ್ಸು ಮಾಡಬೇಕು. ಇದು ಬೀಜಾಡಿಯ ಜಲಜ ಎಂಬ ಹುಡುಗಿಯ ವಿಷಯ. ಜಲಜ ಅಂದರೆ ಬರೆಯುತ್ತಿರುವವಳೇ. "ನಾನು, ನಾನು" ಎಂದು ಪುಟವಿಡೀ ಬರೆಯಲು ನಾಚಿಕೆಯಾಗಿ ಹೆಸರು ಹಾಕಿದ್ದು, ಅಷ್ಟೆ.

ಜಲಜಳನ್ನು ಯಾರೂ ಶಾಲೆ ಬಿಡಿಸಲಿಲ್ಲ. ಮಾಸ್ತರರು "ಎದ್ದು ನಿಂತು ಪಾಠ ಓದು" ಎಂದರು. ಎದ್ದು ನಿಂತಳು, ಪಾಠ ಮಾತ್ರ ಗಂಟಲಿನಿಂದ ಹೊರಡಲಿಲ್ಲ. ಗಂಟೆ ಹೊಡೆಯುವ ತನಕ ಕಂಬದ ಹಾಗೆ ನಿಂತು ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಆದರೆ ಕೆಲಸದಲ್ಲಿ ಅವಳ ಜಾಗ್ರತೆ ಕೇರಿಗೇ ಗೊತ್ತು. ಮೀನು ಒಣಗಲು ಹಾಕಿದರೆ ತಲೆಗಳೆಲ್ಲ ಒಂದೇ ದಿಕ್ಕಿಗೆ ಇರಬೇಕು. ಅವಳು ಕೊನೆಯ ಮೀನನ್ನು ನೇರ ಮಾಡುವಷ್ಟರಲ್ಲಿ ಮೊದಲಿನವನ್ನು ಕಾಗೆ ಕೊಂಡುಹೋಗಿರುತ್ತಿತ್ತು.

ಅದು ಯುದ್ಧದ ಕಾಲ. ಅಕ್ಕಿ ರೇಶನ್ನಿನಲ್ಲಿ, ಸೀಮೆಎಣ್ಣೆ ಕನಸಿನಲ್ಲಿ. ಆ ಮಳೆಗಾಲಕ್ಕೆ ಅವಳ ಸೋದರಮಾವ ಚಂದಯ್ಯ ಬೊಂಬಾಯಿಯಿಂದ ಕಾಲು ಮುರಿದುಕೊಂಡು ಬಂದರು. ಅಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಅವರಿಗೆ ಅಡುಗೆ ಕೆಲಸ. ಆ ದೊರೆಯೂ ಅವರ ಸ್ನೇಹಿತರೂ ಮೇಜಿನ ಮೇಲೆ ಸೀಸದ ಪುಟ್ಟ ಸಿಪಾಯಿಗಳನ್ನು ನಿಲ್ಲಿಸಿ ಯುದ್ಧ ಆಡುತ್ತಿದ್ದರಂತೆ. ದೇಶಗಳು ಭೂಮಿಯ ಮೇಲೆ ಇಲ್ಲದವು. ಅವಕ್ಕೆ ರಾಜ, ವಂಶ, ಹಳೇ ಜಗಳ ಎಲ್ಲವನ್ನೂ ಅವರೇ ಕಟ್ಟಿದ್ದು.

ಜಗಲಿಯಲ್ಲಿ ಮಲಗಿ ಬೇಸರ ಬಂದ ಮಾವ ಅದೇ ಆಟವನ್ನು ಇಲ್ಲಿ ಹೂಡಿದರು. ತೀರ್ಪು ಅವರದು. ಆಡುವವರು ಜಲಜ ಮತ್ತು ಮಾವನ ಮಗ ಗೋವರ್ಧನ. ಅವನು ಇರುವುದು ಕೋಟದಲ್ಲಿ, ತಾಯಿಯ ಮನೆಯಲ್ಲಿ. ಅಪ್ಪನನ್ನು ನೋಡಲು ಬಂದವನು ಆಟಕ್ಕೆ ಸಿಕ್ಕಿಬಿದ್ದ.

"ಚರಿತ್ರೆ ಇಲ್ಲದ ದೇಶಕ್ಕೆ ಯುದ್ಧ ಇಲ್ಲ," ಅಂದರು ಮಾವ. "ಒಂದ್ ಸಲ ಬರದ್ ಮೇಲೆ ತಿದ್ದೂಕಾಗ. ಗೆದ್ದವ ಸೋತವನ ದೇಶದ ಮುಂದಿನ ಚರಿತ್ರೆ ಬರೀಕ್."

ಗೋವರ್ಧನ ಅಲ್ಲೇ ಕೂತು ಬರೆದ: "ವಜ್ರದ್ವೀಪ. ರಾಜ ಶೂರ. ಯಾರಿಗೂ ಹೆದರುವುದಿಲ್ಲ."

ಜಲಜ ಬರೆದದ್ದು ಅರ್ಧ ಮಳೆಗಾಲ. ಕಾಗದ ಸಿಗದ ಕಾಲವಾದ್ದರಿಂದ ಮಾವನ ಸಾಮಾನು ಸುತ್ತಿ ಬಂದಿದ್ದ ಕಂದು ಕಾಗದವನ್ನು ಬಿಡಿಸಿ, ಮಡಿಕೆ ತೀಡಿ ಬರೆದಳು. ದೇಶದ ಹೆಸರು ಉಪ್ಪುಗುಡ್ಡೆ. ಯಾವ ಬಾವಿಯ ನೀರು ಸಿಹಿ, ಯಾವುದರದು ಸಪ್ಪೆ, ದೋಣಿಯಲ್ಲಿ ಕಡವು ದಾಟಿಸುವ ಹಕ್ಕು ಯಾವ ಮನೆತನಕ್ಕೆ, ಒಂದನ್ನೂ ಬಿಡಲಿಲ್ಲ. ಮೊದಲ ರಾಜನ ರಾಜ್ಯ ಹೋದದ್ದು ಅವನ ಅಳಿಯನಿಗೆ, ಅಂದರೆ ಅಕ್ಕನ ಮಗನಿಗೆ, ಅವನ ನಂತರ ಅವನ ಅಳಿಯನಿಗೆ. ಅವಳ ಮನೆಯಲ್ಲೂ ಆಸ್ತಿ ಹೋಗುವುದು ಹಾಗೆಯೇ, ಅಕ್ಕತಂಗಿಯರ ಮಕ್ಕಳಿಗೆ. ಮುದಿ ರಾಜನೊಬ್ಬ ಸತ್ತ ದಿನ ಮಸಾಲೆ ಅರೆಯುತ್ತ ಅತ್ತಳು. ತಾಯಿ ಕೇಳಿದ್ದಕ್ಕೆ ನೀರುಳ್ಳಿ ಖಾರ ಎಂದಳು. ಆ ಮಸಾಲೆಗೆ ನೀರುಳ್ಳಿಯೇ ಹಾಕಿರಲಿಲ್ಲ.

ಕೊನೆಯ ರಾಜ ಸಿಂಧುಪಾಲನಿಗೆ ಮುದ್ದುಕುಮಾರ ಎಂಬ ಮಗ. ಅವನ ಕುದುರೆ, ಕುದುರೆಯ ಹಲ್ಲು, ಅವನು ಈಜು ಕಲಿತ ಬಗೆ, ಇದಕ್ಕೇ ಒಂದು ಇಡೀ ಹಾಳೆ ಹೋಯಿತು.

ಮಳೆ ನಿಂತು ಹೊಳವಾದ ಒಂದು ದಿನ ಜಗಲಿಯಲ್ಲಿ ಹೊಯ್ಗೆ, ಅಂದರೆ ಮರಳು, ಹರಡಿ ಯುದ್ಧ ಶುರುವಾಯಿತು. ಸುಣ್ಣದ ಬೊಟ್ಟಿಟ್ಟ ಹಸಿ ಗೇರುಬೀಜಗಳು ಜಲಜಳ ಸೈನ್ಯ, ಕಡಲ ಚಿಪ್ಪುಗಳು ಗೋವರ್ಧನನದು. ಕವಡೆ ಬಿದ್ದ ಹಾಗೆ ಸಾವು. ಜಲಜಳಿಗೆ ಸೋಲಿನ ಹೆದರಿಕೆ ಇರಲಿಲ್ಲ. ಅವಳ ಸಿಹಿನೀರ ಬಾವಿಗಳ ಚರಿತ್ರೆ ಗೋವರ್ಧನನ ಕೈಗೆ ಹೋಗುವುದೇ ಹೆದರಿಕೆ. ದೇವರ ದಯೆ, ಅವಳೇ ಗೆಲ್ಲುತ್ತಿದ್ದಳು. ಅಷ್ಟರಲ್ಲಿ ಒಂದು ಕವಡೆ ಮಗುಚಿ ಬಿದ್ದು, ರಾಜನಾಗಿದ್ದ ದೊಡ್ಡ ಗೇರುಬೀಜ, ಸಿಂಧುಪಾಲ, ಉರುಳಿದ.

"ರಾಜ ಹೋದ," ಅಂದರು ಮಾವ. "ಪಟ್ಟ ಯಾರಿಗ್ ಹೆಣ್ಣೇ? ಪಟ್ಟಕ್ಕೆ ಜನ ಇಲ್ಲದಿದ್ರೆ ದೇಶ ಹೋಯ್ತ್."

"ಮಗನಿಗ್ ಮಾವ. ಮುದ್ದುಕುಮಾರನಿಗೆ."

ಗೋವರ್ಧನ ನಕ್ಕ. "ಹ್ವಾಯ್, ಮಗನಿಗ್ ಹ್ಯಾಂಗೆ? ನಿನ್ ದೇಶದಗೆ ಪಟ್ಟ ಅಳಿಯನಿಗ್ ಅಂದೇಳಿ ನೀನೇ ಬರದ್ದಲ್ದಾ? ನಾ ಈ ಅಪ್ಪಯ್ಯನ ಮಗ. ನಂಗ್ ಈ ಮನಿಯಗೆ ಒಂದ್ ಚೆಂಬಾರೂ ಸಿಕ್ಕತ್ತಾ?"

"ಒಂದ್ ತೂತ್ ಚೆಂಬ್ ಇತ್ತ್, ಕೊಂಡ್ಹೋಗ್ ಮಾರಾಯ," ಅಂದರು ಮಾವ. ಆಮೇಲೆ ಜಲಜಳ ಕಡೆ ತಿರುಗಿದರು. "ಆದ್ರೆ ಅವ ಹೇಳೂದ್ ಸಮ. ರಾಜನಿಗ್ ಅಕ್ಕ ತಂಗಿ ಯಾರಾರೂ ಇದ್ರಾ?"

ಜಲಜ ಕಂದು ಕಾಗದಗಳನ್ನೆಲ್ಲ ಮಗುಚಿ ಹಾಕಿದಳು. ಕಡವು ಇತ್ತು. ಬಾವಿಗಳಿದ್ದವು. ಕುದುರೆಯ ಹಲ್ಲೂ ಇತ್ತು. ಇಷ್ಟೆಲ್ಲ ಬರೆದ ಜಾಣೆ ರಾಜನಿಗೆ ಒಬ್ಬ ತಂಗಿಯನ್ನು ಬರೆದಿರಲಿಲ್ಲ. ತನ್ನ ಮನೆಯಲ್ಲಿ ಬೆಕ್ಕಿಗೂ ಗೊತ್ತಿರುವ ಕಟ್ಟಳೆ, ಮುದ್ದುಕುಮಾರನ ಕುದುರೆ ಕಂಡದ್ದೇ ಅವಳಿಗೆ ಮರೆತುಹೋಗಿತ್ತು.

ಅವಳ ಮುಖ ನೋಡಿ ಗೋವರ್ಧನನಿಗೇ ಪಾಪ ಅನ್ನಿಸಿತು. "ತಂಗಿ ಇದ್ಲ್ ಅಂದೇಳ್ ಮಾರಾಯ್ತಿ. ಕಂಡದ್ ಯಾರ್?"

ಮಾವ ಕೇಳದವರ ಹಾಗೆ ಹೊರಗಿನ ಮಳೆ ಮೋಡ ನೋಡಿದರು. ಜಲಜ ಹೂಂ ಎಂದರೆ ಸಾಕಿತ್ತು.

"ಇಲ್ಲ ಭಾವ," ಅಂದಳು ಜಲಜ. "ರಾಜ ಚೊಚ್ಚಲ, ಅವ ಹುಟ್ಟುವಾಗಳೇ ಅವನ ಹೆತ್ತಬ್ಬಿ ಸತ್ತಿತ್. ಎರಡನೇ ಹಾಳಿಯಗ್ ಬರದಿತ್ತ್. ಮತ್ತೆ ಅಕ್ಕ ತಂಗಿ ಎಲ್ಲಿಂದ ಬತ್ತ್?"

ಇಬ್ಬರು ಗಂಡಸರ ಎದುರು ಅವಳು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಆ ಮಾತನ್ನು ಉಪಯೋಗಿಸಿದ್ದು ರಾಜ್ಯ ಕಳೆದುಕೊಳ್ಳಲಿಕ್ಕೆ. ಒಬ್ಬಳು ತಂಗಿಯನ್ನು ಈಗ ಸುಳ್ಳೇ ತುರುಕಿದರೆ ಬಾವಿಗಳೂ ಸುಳ್ಳಾಗುತ್ತವೆ ಎಂದು ಅವಳಿಗೆ ತೋರಿತು. ಇಲ್ಲದ ದೇಶದ ಬಗ್ಗೆ ಸುಳ್ಳು ಹೇಳಲಾರೆ ಎಂದು ಕೂತವಳು ಬೀಜಾಡಿಯಲ್ಲಿ ಅವಳೊಬ್ಬಳೇ ಇರಬೇಕು.

ಮಾವ ಸಿಂಧುಪಾಲನನ್ನು ಎತ್ತಿ ಹೊಯ್ಗೆಯ ಹೊರಗಿಟ್ಟರು. ಗೋವರ್ಧನ ಚಾ ಆರುವ ಮೊದಲೇ ಬರೆದು ಮುಗಿಸಿದ: "ಉಪ್ಪುಗುಡ್ಡೆಯವರು ಸೋತರು. ಹಸಿ ಗೇರುಬೀಜ ಕಚ್ಚಿ ಬಾಯಿ ಸುಟ್ಟುಕೊಂಡರು. ಬಾವಿಗಳು ಹೂತುಹೋದವು."

ಜಲಜ ಬಾವಿಗಳ ಮಾತನ್ನು ಓದಿ ತಲೆ ಬಗ್ಗಿಸಿ ಅತ್ತಳು.

"ಎಂತಕ್ ಮರ್ಕುದ್?" ಅಂದರು ಮಾವ. "ನಮ್ ದೊರೆ ಸೋತ ದಿನ ಊಟವೇ ಮಾಡ್ತಿರ್ಲಿಲ್ಲ. ನಾ ಹುರ್ದ ಮೀನೆಲ್ಲ ಬೆಕ್ಕಿಗೆ. ನೀನಾರೂ ಉಣ್."

ಜಲಜ ಉಂಡಳು. ಎರಡು ಸಲ ಅನ್ನ ಹಾಕಿಸಿಕೊಂಡಳು, ಅದನ್ನೂ ಮುಚ್ಚಿಡುವುದಿಲ್ಲ.

ಮಾರನೇ ದಿನ ಪಾತ್ರೆ ತೊಳೆದಾದ ಮೇಲೆ ಅವಳು ಗೋವರ್ಧನ ಬರೆದದ್ದನ್ನು ಕಂದು ಕಾಗದದ ಕೊನೆಯಲ್ಲಿ, ಒಂದು ಮಾತನ್ನೂ ತಿದ್ದದೆ, ಇದ್ದ ಹಾಗೆ ಬರೆದಳು.