ಹಾರಿದ್ದು ಎಲ್ಲರಿಗೂ ಕಂಡಿತ್ತು

"ನೋಡೇ ಇಲ್ಲಿ, ಬಾಲವೇ ಇಲ್ಲ" ಅಂತ ನನ್ನ ಗಂಡ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಾಗ ನಾನು ಹಲ್ಲಿಯ ವಿಷಯ ಅಂದುಕೊಂಡೆ. ಮಲೇಶಿಯಾದ ಪೆನಾಂಗಿನಲ್ಲಿರುವ ನಮ್ಮ ಬಯಾನ್ ಲೆಪಾಸ್ ಕಾಂಡೋ ಫ್ಲ್ಯಾಟಿನಲ್ಲಿ ಹಲ್ಲಿಗಳಿಗೇನೂ ಬರವಿಲ್ಲ. ಹಲ್ಲಿಯಲ್ಲ, ವಿಮಾನವಂತೆ. ಚೀನಾದವರ ಹೊಸ ಯುದ್ಧವಿಮಾನವಂತೆ, ರೇಡಾರಿಗೆ ಕಾಣುವುದಿಲ್ಲವಂತೆ, ಪರಮ ರಹಸ್ಯವಂತೆ. ಆ ಪರಮ ರಹಸ್ಯ ಮಟಮಟ ಮಧ್ಯಾಹ್ನ ದೊಡ್ಡ ಊರೊಂದರ ಮೇಲೆ ನಿಧಾನಕ್ಕೆ ಹಾರುತ್ತಿತ್ತು. ಪಕ್ಕದಲ್ಲಿ ಕಾವಲಿಗೆ ಇನ್ನೊಂದು ವಿಮಾನ, ಮದುಮಗಳ ಜೊತೆ ಬರುವ ಸೋದರತ್ತೆಯ ಹಾಗೆ. ಕೆಳಗೆ ರಸ್ತೆಯಲ್ಲಿ ಯಾವನೋ ಸ್ಕೂಟರ್ ನಿಲ್ಲಿಸಿ ಆರಾಮಾಗಿ ವಿಡಿಯೊ ಮಾಡಿದ್ದ. ಯಾವ ದೇಶದ ರೇಡಾರಿಗೂ ಕಾಣಬಾರದು ಅಂತ ಕಟ್ಟಿದ್ದು ಸ್ಕೂಟರಿನವನಿಗೆ ಸೊಗಸಾಗಿ ಕಂಡಿತ್ತು.

ನಾನು ಚಿಪ್ ಪರೀಕ್ಷೆ ಮಾಡುವ ಫ್ಯಾಕ್ಟರಿಯಲ್ಲಿ ಎಂಜಿನಿಯರು. ನಮ್ಮ ಗೇಟಿನಲ್ಲಿ ದಿನಾ ಬೆಳಿಗ್ಗೆ ಫೋನಿನ ಕ್ಯಾಮೆರಾ ಮೇಲೆ ಸ್ಟಿಕರ್ ಅಂಟಿಸುತ್ತಾರೆ, ಸಂಜೆ ಅದು ಹರಿದಿದೆಯಾ ಅಂತ ನೋಡಿಯೇ ಹೊರಗೆ ಬಿಡುತ್ತಾರೆ. ಕಾಫಿ ಕುಡಿಯುವಾಗಲೂ ಯಾವ ಚಿಪ್ಪು, ಯಾರ ಚಿಪ್ಪು ಅಂತ ಬಾಯಿ ಬಿಡುವ ಹಾಗಿಲ್ಲ. "ಉಗುರಿನಷ್ಟು ಸಾಮಾನಿಗೆ ನಮ್ಮಲ್ಲಿ ಇಷ್ಟು ಮಡಿ. ಮನೆಯಷ್ಟು ದೊಡ್ಡ ವಿಮಾನ ಹಾರಿಸೋರಿಗೆ ಅಷ್ಟೂ ಬೇಡವಾ" ಅಂದೆ.

"ನಿನಗೆ ಗೊತ್ತಾಗಲ್ಲ ಸುಮ್ನಿರು" ಅಂದರು ಇವರು. ಇವರ ಕೆಲಸ ಸಾಫ್ಟ್‌ವೇರು, ಅದೂ ಬ್ಯಾಂಕಿನವರಿಗೆ. ಯುದ್ಧವಿಮಾನಕ್ಕೂ ಇವರಿಗೂ ಇರುವ ಸಂಬಂಧ ಇಷ್ಟೇ: ನಮ್ಮ ಬಾಲ್ಕನಿಯಿಂದ ಏರ್‌ಪೋರ್ಟ್ ಕಾಣುತ್ತದೆ. "ನಿಜವಾಗಲೂ ಬಚ್ಚಿಡಬೇಕು ಅಂದ್ರೆ ಮರುಭೂಮೀಲಿ ಹಾರಿಸ್ತಾರೆ. ಇದನ್ನ ಜನ ನೋಡ್ಲಿ ಅಂತಾನೇ ಊರ ಮೇಲೆ ಬಿಟ್ಟಿರೋದು. ತೋರಿಸ್ತಾರೆ, ಆದ್ರೆ ಹೇಳಲ್ಲ. ಹೇಳಿಬಿಟ್ರೆ ನಾಳೆ ಏನಾದ್ರೂ ಎಡವಟ್ಟಾದಾಗ ಉತ್ತರ ಕೊಡಬೇಕಲ್ಲ."

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಅಂತ ನಮ್ಮ ಕಡೆ ಇದಕ್ಕೆ ಹಳೆಯ ಮಾತೇ ಇದೆ. ಇವರು ಅದಕ್ಕೆ ರಣನೀತಿ ಅಂತ ಹೆಸರಿಟ್ಟರು.

ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಮೂರ್ನಾಲ್ಕು ಕನ್ನಡದ ಸಂಸಾರಗಳು ಸೇರುವುದು ಮೊದಲಿನಿಂದ ಬಂದ ರೂಢಿ. ಡಿಸೆಂಬರಿನಲ್ಲಿ ಆ ವಿಡಿಯೊ ಬಂದ ಮೇಲೆ ಅದು ರಕ್ಷಣಾ ಮಂತ್ರಾಲಯದ ಸಭೆಯಾಯಿತು. ಗಂಡಸರು ಕೆಳಗಿನ ಮಾಮಕ್ ಅಂಗಡಿಯಿಂದ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ, ರೋಟಿ ಚನಾಯ್ ಕಟ್ಟಿಸಿಕೊಂಡು ಬಂದು, ಆ ಮಬ್ಬು ವಿಡಿಯೊವನ್ನು ಟಿವಿಗೆ ಹಾಕಿ, ಹಿಗ್ಗಿಸಿ ಹಿಗ್ಗಿಸಿ ನೋಡುವರು. ಒಬ್ಬರು ಎರಡು ಎಂಜಿನ್ ಅನ್ನುವರು, ಇನ್ನೊಬ್ಬರು ಮೂರು. ಹಲ್ಲಿನ ಡಾಕ್ಟರೊಬ್ಬರು ಟಿವಿಯ ಹತ್ತಿರ ಹೋಗಿ ಬಗ್ಗಿ, ದವಡೆ ನೋಡುವ ಹಾಗೆ ನೋಡಿ, ಮೂರೇ ಅಂತ ತೀರ್ಪು ಕೊಟ್ಟರು. ಇವರಲ್ಲಿ ಒಬ್ಬರಿಗೂ ನೆಟ್ಟಗೆ ಗಾಳಿಪಟ ಹಾರಿಸಿ ಗೊತ್ತಿಲ್ಲ. ಚೀನಾ ಸರ್ಕಾರ ಮಾತ್ರ ಏನೂ ಹೇಳಲಿಲ್ಲ, ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅದು ಬಾಯಿ ಮುಚ್ಚಿಕೊಂಡಷ್ಟೂ ನಮ್ಮ ಮನೆಯಲ್ಲಿ ರೋಟಿ ಖರ್ಚಾಯಿತು.

ಸಂಕ್ರಾಂತಿ ಕಳೆದ ಮೇಲೆ ನಾನು ಬಸುರಿ ಅಂತ ಗೊತ್ತಾಯಿತು.

ಮದುವೆಯಾಗಿ ಬಹಳ ವರ್ಷ ಆಗಿತ್ತು. ಮೈಸೂರಿನಲ್ಲಿ ಒಂದು, ಇಲ್ಲಿ ಎರಡು ಆಸ್ಪತ್ರೆ ಸುತ್ತಿ, ಇನ್ನು ಸಾಕು ಅಂತ ಇಬ್ಬರೂ ಸುಮ್ಮನಾಗಿದ್ದೆವು. ನಲವತ್ತರ ಹೊಸ್ತಿಲಲ್ಲಿ ಅದಾಗಿಯೇ ನಿಂತಿತ್ತು. ಇದೊಂದು ಉಳಿದರೆ ಸಾಕು, ಬೇರೆ ಏನೂ ಬೇಡ ಅಂತ ಬಚ್ಚಲುಮನೆಯಲ್ಲಿ ನಿಂತು ದೇವರಿಗೆ ಹೇಳಿಕೊಂಡೆ. ದೇವರಿಗೆ ಮಾತ್ರ ಹೇಳಬಹುದಿತ್ತು, ಏಕೆಂದರೆ ಅಷ್ಟು ಹೊತ್ತಿಗೆ ಮೈಸೂರಿನಿಂದ ಅತ್ತೆಯ ಆಜ್ಞೆ ಹೊರಟಿತ್ತು. "ಐದಕ್ಕೆ ಬೀಳೋವರೆಗೂ ಯಾರ ಹತ್ರನೂ ಬಾಯಿ ಬಿಡಬೇಡಮ್ಮ. ಜನರ ಕಣ್ಣು ಒಳ್ಳೇದಲ್ಲ. ಯುಗಾದಿಗೆ ಎಲ್ಲರನ್ನೂ ಊಟಕ್ಕೆ ಕರೆದು ಹೇಳಿದ್ರಾಯ್ತು."

ಆಗಲಿ ಅಂದೆವು. ಗುಟ್ಟು ಕಾಯುವುದರಲ್ಲಿ ನಮಗಿಂತ ತರಬೇತಾದವರು ಯಾರಿದ್ದಾರೆ? ನನ್ನ ಫ್ಯಾಕ್ಟರಿಯ ಸ್ಟಿಕರಿನ ಮೇಲೆ ಆಣೆ.

ಗುಟ್ಟು ಆ ವಾರದ ಭಾನುವಾರದವರೆಗೆ ಉಳಿಯಿತು. ಪಕ್ಕದ ಮನೆಯ ತಮಿಳು ಅಕ್ಕ, ಇಲ್ಲೇ ಹುಟ್ಟಿ ಬೆಳೆದವಳು, ಯಾವಾಗಲೂ ತರುವ ಹಾಗೆ ಪರಂಗಿ ಹಣ್ಣು ಹೆಚ್ಚಿಕೊಂಡು ಬಂದಿದ್ದಳು. ತಟ್ಟೆ ನನ್ನ ಮುಂದೆ ಬಂತು. "ಬೇಡ" ಅಂದೆ. ಅಷ್ಟೇ. ಐದು ವರ್ಷ ಅದೇ ತಟ್ಟೆಯನ್ನು ಬಳಿದು ತಿಂದವಳು ಪರಂಗಿ ಹಣ್ಣು ಬೇಡ ಅಂದರೆ, ಕನ್ನಡದ ಹೆಂಗಸರಿಗೆ ಇನ್ನು ಸ್ಕ್ಯಾನಿಂಗ್ ಬೇಕಾ? ಎಲ್ಲರ ಕಣ್ಣೂ ಒಂದು ಸಲ ನನ್ನ ಹೊಟ್ಟೆಗೆ ಬಂದು, ವಾಪಸ್ ಟಿವಿಗೆ ಹೋದವು. ಗಂಡಸರು ಎಂಜಿನ್ ಎಣಿಸುತ್ತಿದ್ದರು.

ಯಾರೂ ಏನೂ ಕೇಳಲಿಲ್ಲ. ಕೇಳಬಾರದು, ಅದು ಮರ್ಯಾದೆ. ಮಾರನೆಯ ದಿನದಿಂದ ಡಬ್ಬಿಗಳು ಬರತೊಡಗಿದವು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಉಡುಪಿ ಕಡೆಯ ಅಕ್ಕ, ಅವರ ಯಜಮಾನರು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಮೊದಲ ಡಬ್ಬಿ ಅವರದೇ, ಹುಣಸೆಹುಳಿ ಹಿಂಡಿದ ಗೊಜ್ಜವಲಕ್ಕಿ. "ಎಂತ ಇಲ್ಲ ಮಾರಾಯ್ತಿ, ಸುಮ್ನೆ ಮಾಡಿದ್ದು. ಸ್ವಲ್ಪ ಜಾಸ್ತಿ ಆಯ್ತು." ನಾಲ್ಕು ದಿನಕ್ಕೆ ಇನ್ನೊಬ್ಬರ ಮಾವಿನಕಾಯಿ ಚಿತ್ರಾನ್ನ, ಅದೂ ಜಾಸ್ತಿಯಾಗಿತ್ತು. ಆಮೇಲೆ ಹೋಳಿಗೆ. ಯಾವ ಹಬ್ಬವೂ ಇಲ್ಲದ ವಾರದಲ್ಲಿ ಯಾರ ಮನೆಯಲ್ಲಿ ಹೋಳಿಗೆ ಸುಮ್ಮನೆ ಜಾಸ್ತಿಯಾಗುತ್ತದೆ? ಬಯಕೆ ಊಟ ಅನ್ನುವ ಒಂದು ಶಬ್ದ ಬಿಟ್ಟು ಉಳಿದದ್ದೆಲ್ಲ ನಮ್ಮ ಅಡುಗೆಮನೆಗೆ ಬಂತು.

ಇನ್ನು ನಮ್ಮವರು. ಸುದ್ದಿ ಹೇಳಲಿಲ್ಲ, ಮಾತು ಉಳಿಸಿಕೊಂಡರು. ಆದರೆ ನನ್ನ ಕೈಚೀಲ ಹೊತ್ತುಕೊಂಡು ಹಿಂದೆ ಬರತೊಡಗಿದರು. ಕಾರನ್ನು ಎತ್ತಿನ ಗಾಡಿ ಮಾಡಿಕೊಂಡರು. ಮಾಮಕ್ ಅಂಗಡಿಗೂ ನನ್ನ ಬೆನ್ನಿಗೆ ದಿಂಬು ತಂದರು, ಅದೂ ಹೂವಿನ ಚಿತ್ತಾರದ್ದು. ಯಾರಾದರೂ ನೋಡಿದರೆ "ಬೆನ್ನು ನೋವು" ಅನ್ನುವರು, ಅಂದು ಹಲ್ಲು ಕಿರಿಯುವರು. "ರೀ, ಇದಕ್ಕಿಂತ ಮೈಕಿನಲ್ಲಿ ಹೇಳಿಬಿಡಿ" ಅಂದೆ. "ನಾನೇನು ಹೇಳಿದೆ?" ಅಂದರು, ನಿಜವಾಗಲೂ ಗೊತ್ತಿಲ್ಲದವರ ಹಾಗೆ.

ಆದರೂ ಹೇಳಿಬಿಡುತ್ತೇನೆ, ನನಗೆ ಖುಷಿಯಾಗಿತ್ತು. ಯಾರೂ ಕೇಳದೆ, ಎಲ್ಲರಿಗೂ ಗೊತ್ತಿದ್ದು, ನನ್ನ ನಡಿಗೆಯನ್ನೇ ಹೆಂಗಸರೆಲ್ಲ ನೋಡುತ್ತಿದ್ದರೆ ಎಷ್ಟು ಹಿತ ಅಂತ ಅನುಭವಿಸಿದವರಿಗೇ ಗೊತ್ತು. ದೃಷ್ಟಿ ತಾಗಲಿ ಅನ್ನುವಷ್ಟು ಸೊಕ್ಕು ಬಂದಿತ್ತು ನನಗೆ. ಸಡಿಲ ಅಂಗಿ ಹಾಕಿಕೋ ಅಂತ ಅತ್ತೆ ಹೇಳಿದ್ದರು, ನಾನು ಬೇಕಂತಲೇ ಮೈಗಂಟಿದ್ದು ಹಾಕಿಕೊಂಡು ಓಡಾಡಿದೆ.

ಯುಗಾದಿಗೆ ಇನ್ನೊಂದು ವಾರ ಇರುವಾಗ ಫ್ಯಾಕ್ಟರಿಯಲ್ಲಿ ಹೊಟ್ಟೆ ಹಿಂಡಿತು. ಮಧ್ಯಾಹ್ನದ ಊಟದ ಹೊತ್ತು. ಗೇಟಿನಲ್ಲಿ ಸೆಕ್ಯುರಿಟಿಯವಳು ನನ್ನ ಮುಖ ನೋಡಿ ಸ್ಟಿಕರ್ ಕೇಳದೆ ಬಿಟ್ಟಳು. ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನಿನ ಪರದೆಯನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡರು. ಅದನ್ನು ನೋಡಿದಾಗಲೇ ನನಗೆ ಗೊತ್ತಾಯಿತು, ಅವರು ಆಮೇಲೆ ಹೇಳಿದ್ದು ಕಿವಿಗೆ ಬೀಳಲಿಲ್ಲ. ಎದೆಬಡಿತ ಇಲ್ಲ ಅಂದರಂತೆ. ಆಸ್ಪತ್ರೆಗೆ ಓಡಿಬಂದಿದ್ದ ಇವರು ಆಮೇಲೆ ಹೇಳಿದ್ದು.

ಅತ್ತೆಗೆ ಫೋನಿನಲ್ಲಿ ಹೇಳಿದೆವು. "ಸದ್ಯ, ಯಾರಿಗೂ ಹೇಳಿರಲಿಲ್ಲವಲ್ಲ" ಅಂದರು. ಅಂದವರೇ ಅತ್ತರು. ಪಾಪ, ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆ ಮಾತು ಮಾತ್ರ ನನ್ನ ಹೊಟ್ಟೆಯಲ್ಲಿ ಮಗು ಇದ್ದ ಜಾಗಕ್ಕೆ ಹೋಗಿ ಕೂತಿತು.

ಮನೆಗೆ ಬಂದೆವು. ಯುಗಾದಿಯ ಊಟ ಬೇಡವೆಂದೆವು, "ಹುಷಾರಿಲ್ಲ" ಅಂತ ಇವರು ಗ್ರೂಪಿನಲ್ಲಿ ಹಾಕಿದರು. ಎಲ್ಲರೂ "ಬೇಗ ಗುಣವಾಗಲಿ" ಅಂತ ಕೈಮುಗಿಯುವ ಚಿತ್ರ ಕಳಿಸಿದರು. ಒಬ್ಬರು ಶುಂಠಿ ಕಷಾಯದ ವಿಧಾನವನ್ನೂ ಕಳಿಸಿದರು. ಬಾಗಿಲಿಗೆ ಯಾರೂ ಬರಲಿಲ್ಲ. ಹೇಳದೇ ಇದ್ದ ಮಗು ಬಂದೇ ಇಲ್ಲ ಅಂದಮೇಲೆ ಹೋಗುವುದು ಹೇಗೆ? ಇಲ್ಲದ ಮಗುವಿಗೆ ಯಾರು ಬಂದು ಅಳುತ್ತಾರೆ? ಎಷ್ಟು ಶಿಸ್ತು ನಮ್ಮ ಜನರಿಗೆ, ಯಾವ ಸೈನ್ಯದಲ್ಲೂ ಸಿಗಲಿಕ್ಕಿಲ್ಲ.

ಡಬ್ಬಿಗಳು ನಿಂತವು. ಬಂದಿದ್ದ ಡಬ್ಬಿಗಳನ್ನು ಯಾರೂ ಕೇಳಲೂ ಇಲ್ಲ. ಉಡುಪಿ ಅಕ್ಕ ಒಂದು ಗೊಜ್ಜಿನ ಡಬ್ಬಿಗೆ ಮೂರು ಸಲ ಫೋನ್ ಮಾಡುವ ಪೈಕಿ. ಅವರೇ ಕೇಳಲಿಲ್ಲ ಅಂದಾಗ ಎಲ್ಲರಿಗೂ ಗೊತ್ತಾಗಿದೆ ಅಂತ ನನಗೆ ಖಾತ್ರಿಯಾಯಿತು. ಒಂದು ದಿನ ಲಿಫ್ಟಿನಲ್ಲಿ ಸಿಕ್ಕರು. ನನ್ನ ಮುಖ ನೋಡಲಿಲ್ಲ, ಮಹಡಿಯ ನಂಬರು ನೋಡುತ್ತಾ "ಬಿಸಿಲು ಜಾಸ್ತಿ ಅಲ್ವಾ ಈ ಸಲ" ಅಂದರು. ಬಿಸಿಲಂತೆ. ಪೆನಾಂಗಿನಲ್ಲಿ ಬಿಸಿಲು ಯಾವ ಸಲ ಕಡಿಮೆಯಿತ್ತು? ನನಗೆ ಉರಿದುಹೋಯಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಇವರು ಹೂವಿನ ದಿಂಬನ್ನು ಎಲ್ಲಿಟ್ಟರೋ ಗೊತ್ತಿಲ್ಲ, ಮನೆಯಲ್ಲಿ ಕಾಣಲಿಲ್ಲ. ಅನ್ನ ಮಾಡಿದರು, ಬಟ್ಟೆ ಒಗೆದರು, ಫೋನ್ ಹಿಡಿದು ಕೂತರು. ಗಂಡಸರಿಗೆ ಎಷ್ಟು ಸುಲಭ ಅಂದುಕೊಂಡೆ. ಒಂದು ವಿಮಾನ ಸಿಕ್ಕರೆ ಸಾಕು, ಮನೆಯಲ್ಲಿ ಏನು ಬಿದ್ದರೂ ಗೊತ್ತಾಗುವುದಿಲ್ಲ.

ಕೆಲವು ವಾರ ಬಿಟ್ಟು ಭಾನುವಾರದ ಸಭೆ ಮತ್ತೆ ಸೇರಿತು. ನಮ್ಮ ಮನೆಯಲ್ಲೇ, ಎಂದಿನ ಹಾಗೆ, ಏನೂ ಆಗಿಯೇ ಇಲ್ಲದ ಹಾಗೆ. ರೋಟಿ ಬಂತು, ಟಿವಿ ಹಚ್ಚಿದರು. ಅವತ್ತಿನ ಚರ್ಚೆ ಅಂದರೆ, ಚೀನಾದ ವಿಮಾನ ಬಹಳ ದಿನದಿಂದ ಎಲ್ಲೂ ಕಂಡಿಲ್ಲ, ಹೊಸ ವಿಡಿಯೊ ಒಂದೂ ಬಂದಿಲ್ಲ.

"ಬಿದ್ದೇ ಹೋಗಿರಬಹುದು" ಅಂದರು ಒಬ್ಬರು.

"ಎಂಜಿನ್ ಬದಲಾಯಿಸ್ತಿರ್ತಾರೆ" ಅಂದರು ಹಲ್ಲಿನ ಡಾಕ್ಟರು.

"ಬಿದ್ರೂ ಹೇಳಲ್ಲ ಬಿಡಿ. ಹಾರ್ತಿದೆ ಅಂತಾನೇ ಹೇಳಿಲ್ಲ, ಬಿತ್ತು ಅಂತ ಹೇಗೆ ಹೇಳ್ತಾರೆ?"

ಎಲ್ಲರೂ ನಕ್ಕರು. ನನ್ನ ಗಂಡ ನಗಲಿಲ್ಲ. ಕೈಯಲ್ಲಿದ್ದ ರೋಟಿಯ ಚೂರನ್ನು ತಟ್ಟೆಯಲ್ಲಿಟ್ಟು ಅದನ್ನೇ ನೋಡುತ್ತಾ ಕೂತರು.

ನಾನು ಎದ್ದು ಅಡುಗೆಮನೆಗೆ ಹೋದೆ. ತೊಳೆದು ಸಾಲಾಗಿ ಜೋಡಿಸಿದ್ದ ಡಬ್ಬಿಗಳನ್ನೆಲ್ಲ ಎದೆಗವಚಿಕೊಂಡು ತಂದು ಯಾವುದು ಯಾರದೋ ಅವರವರ ಮಡಿಲಿಗೆ ಇಟ್ಟೆ. ಒಬ್ಬರ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು ಅನ್ನುವುದು ನಮ್ಮಲ್ಲಿ ಕೂಸಿಗೂ ಗೊತ್ತು. ಏನಿಲ್ಲದಿದ್ದರೂ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಉಡುಪಿ ಅಕ್ಕ ಮುಚ್ಚಳ ತೆಗೆದು ನೋಡಿದರು. ಒಳಗೆ ಏನೂ ಇರಲಿಲ್ಲ. ತಲೆ ಎತ್ತಿ, ಅಷ್ಟು ದಿನಗಳಲ್ಲಿ ಮೊದಲ ಸಲ, ನನ್ನ ಮುಖ ನೋಡಿದರು.

"ನಮ್ಮ ಮಗು ಹೋಯ್ತು ಅಕ್ಕ" ಅಂದೆ. "ಯುಗಾದಿಗೆ ಮೊದಲು. ನಿಮಗೆಲ್ಲ ಗೊತ್ತಿತ್ತು."

ಟಿವಿಯನ್ನು ಯಾರೋ ಆರಿಸಿದರು.

"ಗೊತ್ತಿತ್ತು ಮಾರಾಯ್ತಿ" ಅಂದರು ಅವರು. "ನೀನು ಹೇಳ್ಲಿಲ್ಲ. ಹೇಳದೆ ಹೇಗೆ ಬರುದು? ನಿನ್ನ ಬಾಗಿಲವರೆಗೆ ಬಂದಿದ್ದೆ, ಬೆಲ್ ಒತ್ತಲಿಕ್ಕೆ ಧೈರ್ಯ ಆಗ್ಲಿಲ್ಲ." ಎದ್ದು ಬಂದು ನನ್ನನ್ನು ಅಪ್ಪಿಕೊಂಡರು. ಡಬ್ಬಿ ನಮ್ಮಿಬ್ಬರ ನಡುವೆ ಒತ್ತುತ್ತಿತ್ತು. ಅವರನ್ನು ನೋಡಿ ಉಳಿದವರೂ ಬಂದರು. ಅಷ್ಟು ವಾರದ ಸಿಟ್ಟನ್ನೆಲ್ಲ ಅವರ ಭುಜದ ಮೇಲೆ ಅತ್ತು ತೀರಿಸಿದೆ.

ಪಕ್ಕದ ಮನೆಯ ತಮಿಳು ಅಕ್ಕ ಮಾತ್ರ ನನ್ನ ಹತ್ತಿರ ಬರಲಿಲ್ಲ. ಅವಳಿಗೆ ನಮ್ಮ ಕನ್ನಡದವರ ಈ ಹೇಳದ ಕಟ್ಟಳೆಗಳು ಯಾವತ್ತೂ ತಲೆಗೆ ಹತ್ತಿದ್ದಿಲ್ಲ. ಅವಳು ಹೋಗಿ, ಒಬ್ಬರೇ ಕೂತಿದ್ದ ನನ್ನ ಗಂಡನ ಪಕ್ಕದಲ್ಲಿ ಕೂತಳು. ತನ್ನ ಹರಕು ಕನ್ನಡದಲ್ಲಿ, ಊಟ ಆಯಿತಾ ಅಂತ ಕೇಳುವಷ್ಟು ಸಹಜವಾಗಿ, "ಪಾಪುಗೆ ಹೆಸರು ಇಟ್ಟಿದ್ರಾ ತಂಬಿ?" ಅಂತ ಕೇಳಿದಳು.

ಇಲ್ಲ ಅಂತ ನಾನೇ ಹೇಳಲು ಬಾಯಿ ತೆರೆದೆ. ನಾವಿಬ್ಬರೂ ಹೆಸರಿನ ಮಾತೇ ಎತ್ತಿರಲಿಲ್ಲ, ಅದಕ್ಕೂ ಅತ್ತೆಯ ನಿಷೇಧವಿತ್ತು.

"ಇಟ್ಟಿದ್ದೆ" ಅಂದರು ಇವರು.

ತಲೆ ತಗ್ಗಿಸಿಕೊಂಡೇ ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ತಮಿಳು ಅಕ್ಕನಿಗೂ ಕೇಳಿಸಲಿಲ್ಲ, ಅವಳು ಕಿವಿಯನ್ನು ಹತ್ತಿರ ತಂದಳು. ಇವರು ತಲೆ ಎತ್ತಿದರು. ಮುಖವೆಲ್ಲ ಒದ್ದೆಯಾಗಿತ್ತು. ಇನ್ನೊಂದು ಸಲ ಹೇಳಿದರು, ಈ ಸಲ ಇಡೀ ಹಾಲಿಗೆ ಕೇಳುವಷ್ಟು ಜೋರಾಗಿ. ಹೆಣ್ಣು ಮಗುವಿನ ಹೆಸರು.