ಅಕ್ಕನ ಟ್ರೇಲರ್ ಹಿಂದೆ ನಿಂತ ದಿನಗಳು

ಹೋದ ವಾರ ಹಾನಗಲ್ಲಿನ ಪೇಟೆಯಿಂದ ಕಾಯಿಪಲ್ಲೆ ಹಿಡಿದು ಬರುತ್ತಿದ್ದೆ. ದಾರಿಯ ಪಕ್ಕ ಯಾರೋ ಟ್ರ್ಯಾಕ್ಟರ್ ನಿಲ್ಲಿಸಿ ಹಿಂದಿನ ಪೈಪು ಬಿಚ್ಚಿದ್ದರು. ಮಣ್ಣಿನ ಮೇಲೆ ಬಿಸಿ ಹೈಡ್ರಾಲಿಕ್ ಎಣ್ಣೆ ಚೆಲ್ಲಿತ್ತು. ಆ ವಾಸನೆಗೆ ನನ್ನ ಕಾಲುಗಳು ತಾವಾಗಿಯೇ ನಿಂತವು...

ಎಂಬತ್ತರ ದಶಕದ ಮೊದಲ ವರ್ಷಗಳು. ಹಿರೇಕೆರೂರು ಕಡೆಯ ಒಂದು ಹಳ್ಳಿಯ ಶಾಲೆಗೆ ಶಿಕ್ಷಕಿಯಾಗಿ ಹೊಸದಾಗಿ ಹೋಗಿದ್ದೆ. ನಾನು ಯಾವ ಕೇರಿಯವಳೆಂದು ತಿಳಿದ ಮೇಲೆ ಊರೊಳಗೆ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಶಾಲೆಯ ಹಿಂದಿದ್ದ ಸಾಮಾನಿನ ಕೋಣೆಯಲ್ಲೇ ಉಳಿದೆ. ಸಂಜೆ ಮಕ್ಕಳು ಮನೆಗೆ ಹೋದರೆ ಮರುದಿನದವರೆಗೆ ನನ್ನೊಡನೆ ಮಾತಾಡುವವರಿರಲಿಲ್ಲ. ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ಮನೆಯ ಹಿತ್ತಲು, ಅಲ್ಲಿ ನಿಂತಿದ್ದ ಒಂದು ಸಣ್ಣ ಟ್ರ್ಯಾಕ್ಟರ್.

ಆ ಮನೆಯಲ್ಲಿ ಒಬ್ಬಳೇ ಇದ್ದವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಶಾಲೆ ಕಲಿಸುವ ಹೆಂಗಸರನ್ನೆಲ್ಲ ಕರೆಯುವಂತೆ ಅವಳು ನನ್ನನ್ನು ಅಕ್ಕೋರ ಎನ್ನುತ್ತಿದ್ದಳು. ಹೊಲಮನೆಯುಳ್ಳ ಕುಟುಂಬ. ಮಕ್ಕಳಿರಲಿಲ್ಲ. ಗಂಡ ಹಿಂದಿನ ವರ್ಷ ತೀರಿಕೊಂಡಿದ್ದರು. ಟ್ರ್ಯಾಕ್ಟರ್ ಅವರು ಆಸೆಪಟ್ಟು ತಂದದ್ದು. ಇದ್ದಾಗಲೇ ಅವಳಿಗೂ ನಡೆಸಲು ಕಲಿಸಿದ್ದರು.

ಅವಳು ಒಬ್ಬಳೇ ಹೊಲ ನಡೆಸುವುದು ಸವಣೂರಿನಲ್ಲಿದ್ದ ಮೈದುನನಿಗೆ ಸೇರುತ್ತಿರಲಿಲ್ಲ. ಅವಳು ಎಲ್ಲ ಬಿಟ್ಟು ತವರಿಗೆ ಹೋಗಲಿ ಎಂದು ಅವನ ಆಸೆ. ಆ ಬೇಸಿಗೆ ಅವಳ ಟ್ರ್ಯಾಕ್ಟರಿಗಿದ್ದ ಡ್ರೈವರನ್ನು ತನ್ನ ಕಡೆ ಕರೆಸಿಕೊಂಡ. ಆಳುಗಳಿಗೂ ಅವಳ ಹೊಲಕ್ಕೆ ಹೋಗಬೇಡಿ ಎಂದು ಹೇಳಿಸಿದ. ಒಂದು ದಿನ ಹಿತ್ತಲಲ್ಲಿ ನಿಂತು ಅವನು ಅಂದದ್ದು ನನಗೂ ಕೇಳಿಸಿತು.

"ವೈನಿ, ಮಳಿಗಿಂತ ಮೊದ್ಲ ಗೊಬ್ಬರ ಹೊಲಕ್ಕ ಹೋಗಲಿಲ್ಲಂದ್ರ ಈ ವರ್ಷ ನಾನ ಬಿತ್ತಸ್ತೇನಿ. ಆಮ್ಯಾಲ ಅಳಬ್ಯಾಡ್ರಿ."

ಅಕ್ಕ ತಿರುಗಿ ಟ್ರ್ಯಾಕ್ಟರಿನ ಮೇಲಿನ ಧೂಳು ಒರೆಸತೊಡಗಿದಳು.

ಗೊಬ್ಬರವನ್ನು ಬುಟ್ಟಿಯಲ್ಲಿ ಹೊತ್ತು ಹೇಗೋ ಒಬ್ಬಳೇ ಟ್ರೇಲರಿಗೆ ತುಂಬಬಹುದಿತ್ತು. ಹೊಲದಲ್ಲಿ ಇಳಿಸಲು ಮಾತ್ರ ಟ್ರೇಲರ್ ತಾನೇ ಮೇಲೆದ್ದು ಸುರಿಯಬೇಕು. ಅದಕ್ಕೆ ಟ್ರ್ಯಾಕ್ಟರಿನಿಂದ ಎಣ್ಣೆಯ ಒತ್ತಡ ತರುವ ಹೈಡ್ರಾಲಿಕ್ ಪೈಪು ಕೂಡಬೇಕು. ಮರುದಿನ ಸಂಜೆ ಕಿಟಕಿಯಿಂದ ನೋಡುತ್ತಿದ್ದೆ. ಅಕ್ಕ ಟ್ರ್ಯಾಕ್ಟರನ್ನು ಹಿಂದಕ್ಕೆ ತರುವಳು, ಇಳಿದು ನೋಡುವಳು, ಕೊಂಡಿ ಒಂದು ಗೇಣು ಆಚೆ ಇರುವುದು, ಮತ್ತೆ ಹತ್ತುವಳು. ಅದು ಇಬ್ಬರ ಕೆಲಸ. ಒಬ್ಬರು ನಡೆಸಬೇಕು, ಇನ್ನೊಬ್ಬರು ಹಿಂದೆ ನಿಂತು ಕೈ ತೋರಿಸಬೇಕು. ಕೊನೆಗೆ ಅವಳು ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕೂತುಬಿಟ್ಟಳು.

ನಾನು ಗೋಡೆಯ ಹತ್ತಿರ ಹೋದೆ. "ಅಕ್ಕಾ, ನಾ ನಿಂದರ್ಲೇನ್ರಿ?"

"ನಮ್ಮ ಹಿತ್ತಲದಾಗ ನಿಮ್ಮನ್ನ ನೋಡಿದ್ರ ಮಂದಿ ಇಬ್ಬರಿಗೂ ಅಂತಾರ, ಅಕ್ಕೋರ," ಅಂದಳು. ಹಣೆ ಒರೆಸಿಕೊಂಡು ತಾನೇ, "ಅನ್ನಲಿ. ಬರ್ರಿ. ನಡುವ ಬ್ಯಾಡ, ಬಾಜೂಕ ನಿಂದರ್ರಿ," ಅಂದಳು.

ಕೊಂಡಿಗೆ ಪಿನ್ನು ಬಿತ್ತು. ಪೈಪು ಮಾತ್ರ ಹೋಗಲೊಲ್ಲದು. ಇಬ್ಬರೂ ಸೇರಿ ಒತ್ತಿದರೂ ಎಣ್ಣೆಗೆ ಕೈ ಜಾರುತ್ತಿತ್ತು. ಅಕ್ಕ ಒತ್ತುವುದನ್ನು ಬಿಟ್ಟು ಸೀಟಿನ ಪಕ್ಕದ ಲಿವರಿನ ಮೇಲೆ ಕೈಯಿಟ್ಟಳು.

"ಅವರು ಮೊದ್ಲ ಇಂಜಿನ್ ಬಂದ್ ಮಾಡ್ತಿದ್ರು. ಆಮ್ಯಾಲ ಈ ಲಿವರ್ ಹಿಂದ ಮುಂದ ಆಡಸ್ತಿದ್ರು. ಯಾಕಂತ ನಾ ಒಮ್ಮಿನೂ ಕೇಳಲಿಲ್ಲ ನೋಡ್ರಿ..."

ಹಾಗೇ ಮಾಡಿದಳು. ಒಳಗೆ ಸಿಕ್ಕಿಕೊಂಡಿದ್ದ ಒತ್ತಡ ಇಳಿದಿರಬೇಕು. ತುದಿಯ ಧೂಳನ್ನು ಸೆರಗಿನಿಂದ ಒರೆಸಿ ಒತ್ತಿದಾಗ ಪೈಪು ಟಕ್ಕೆಂದು ಕೂತಿತು. ಇಂಜಿನ್ ಚಾಲೂ ಮಾಡಿ ಲಿವರ್ ಎಳೆದಳು. ಖಾಲಿ ಟ್ರೇಲರ್ ಮೆಲ್ಲಗೆ ಮೇಲೆದ್ದಿತು. ಅದನ್ನು ನೋಡುತ್ತ ಅಕ್ಕ ಅತ್ತಳು. ನಾನು ಕೈ ಒರೆಸಿಕೊಳ್ಳುತ್ತ ನಿಂತೆ.

ಮಳೆ ಹಿಡಿಯುವ ಮೊದಲು ಗೊಬ್ಬರವೆಲ್ಲ ಹೊಲ ಸೇರಿತು. ಬಿತ್ತಿಸಿದವಳೂ ಅವಳೇ. ಮೈದುನ ಆ ವರ್ಷ ಮತ್ತೆ ಬರಲಿಲ್ಲ. ಆಮೇಲೆ ನೇಗಿಲಾಗಲಿ ಟ್ರೇಲರಾಗಲಿ, ಏನೇ ಜೋಡಿಸುವುದಿದ್ದರೂ ಗೋಡೆಯಾಚೆಯಿಂದ "ಅಕ್ಕೋರ" ಎಂಬ ಕೂಗು ಬರುತ್ತಿತ್ತು. ಕೆಲಸ ಮುಗಿದ ಮೇಲೆ ಟ್ರೇಲರಿನ ಅಂಚಿಗೆ ಕೂತು ರೊಟ್ಟಿ ತಿನ್ನುತ್ತಿದ್ದೆವು. ಮನೆಯೊಳಗೆ ಅವಳು ಕರೆಯಲಿಲ್ಲ, ನಾನೂ ಹೋಗಲಿಲ್ಲ. ಆ ಹಿತ್ತಲಲ್ಲಿ ಮಾತ್ರ ನಾವು ಗೆಳತಿಯರು...

ನನಗೆ ಶಿಗ್ಗಾವಿ ಕಡೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ ಒಮ್ಮೆ ಅವಳನ್ನು ನೋಡಲು ಹೋದೆ. ಟ್ರೇಲರಿನ ಮೂತಿಯನ್ನು ಸರಿಯಾದ ಎತ್ತರದ ಕಲ್ಲಿನ ಮೇಲಿಟ್ಟು, ಟ್ರ್ಯಾಕ್ಟರಿನ ಗಾಲಿ ಬರಬೇಕಾದ ದಾರಿಗೆ ಸುಣ್ಣದ ಗೆರೆ ಎಳೆದಿದ್ದಳು. ಒಬ್ಬಳೇ ಹತ್ತಿ ಒಂದೇ ಸಲಕ್ಕೆ ಕೊಂಡಿಗೆ ತಂದು ನಿಲ್ಲಿಸಿದಳು. ನನಗೆ ಸಂತೋಷವಾಯಿತು. ಹಾಗೆಯೇ ಎದೆಯಲ್ಲಿ ಏನೋ ಖಾಲಿಯಾದಂತೆಯೂ ಆಯಿತು. ಅವಳಿಗೆ ತಿಳಿಯಿತೋ ಏನೋ, ಪಿನ್ನು ಹಾಕಲಿಲ್ಲ. ಟ್ರ್ಯಾಕ್ಟರನ್ನು ಮತ್ತೆ ಮುಂದಕ್ಕೆ ಒಯ್ದು ತಿರುಗಿ ಕೂಗಿದಳು.

"ಅಕ್ಕೋರ, ಬಂದು ನಿಂದರ್ರಿ. ಹಿಂದ ಯಾರರ ಇದ್ರ ಛಲೋ ಅನಸ್ತೈತಿ."

ನಿಂತೆ. ಕೈ ತೋರಿಸಿದೆ.

ಅದೇ ಕೊನೆಯ ಭೇಟಿ. ಅವಳು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ವರ್ಷ ಕಳೆದ ಮೇಲೆ, ಒಂದು ಮದುವೆಯಲ್ಲಿ. ಆ ಊರಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಾತಿನ ನಡುವೆ ಹೇಳಿದಳು. ನನಗೆ ತಿಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆಯಲು ನಾನು ಅವಳ ಬಳಗವಲ್ಲ, ಜಾತಿಯಲ್ಲ. ನನ್ನ ಮುಖ ನೋಡಿ ಆ ಹುಡುಗಿ ಕೇಳಿದಳು, "ನಿಮಗ ಅವರು ಏನಾಗಬೇಕ್ರಿ?"

"ಬಾಜೂ ಮನಿಯವರು," ಅಂದೆ.

ಎಲ್ಲಿ ಮಣ್ಣು ಮಾಡಿದರೆಂದು ಕೇಳಬೇಕೆಂದಿದ್ದೆ. ಅದನ್ನು ಕೇಳುವ ಹಕ್ಕು ನನಗುಂಟೋ ಇಲ್ಲವೋ ಎಂದು ಅಳುಕುವಷ್ಟರಲ್ಲಿ ಊಟಕ್ಕೆ ಕರೆದರು. ಈಗ ಹಾನಗಲ್ಲಿನ ಈ ಮನೆಯಲ್ಲಿ ಒಬ್ಬಳೇ ಕೂತಾಗ, ಕೇಳಬೇಕಿತ್ತು ಅನ್ನಿಸುತ್ತದೆ. ಅವಳ ಹೊಲದಲ್ಲೇ ಇರಬಹುದು ಎಂದುಕೊಳ್ಳುತ್ತೇನೆ...